ಕೆಂಡಮ್ಮನೂ ತೂತಿಲ್ಲದ ಡಬ್ಬಿಯೂ

ಪರರ ಬಟ್ಟೆಯನ್ನು ತನ್ನ ಚರ್ಮದಂತೆ ಕಾಯುವವಳು. ಜೇಬಿನಲ್ಲಿ ಮರೆತ ಉಂಗುರವನ್ನು ಒಡೆಯನು ನೆನೆಯುವ ಮೊದಲೇ ಒಪ್ಪಿಸುವವಳು. ನಾಲಗೆಯ ಮೇಲೆ ಹುಸಿಯನ್ನೂ ಅಂಗಿಯ ಮೇಲೆ ಸುಕ್ಕನ್ನೂ ಸೈರಿಸದವಳು. ಹಸಿದವರಿಗೆ ಬೈದಾದರೂ ಬಡಿಸುವವಳು. ಭಗವಂತನಲ್ಲಿ ಅಚಲ ಭಕ್ತಿಯುಳ್ಳವಳು, ಅವನೊಡನೆ ನಿತ್ಯವೂ ಜಗಳವಾಡುವವಳು. ಇಂತಪ್ಪ ಇಸ್ತ್ರಿ ಅಂಗಡಿಯ ಒಡತಿಯನ್ನು ಬೀದಿಯವರು ಕೆಂಡಮ್ಮನೆಂದು ಕರೆಯುತ್ತಾರೆ. ಅದು ಪೆಟ್ಟಿಗೆಯೊಳಗಿನ ಕೆಂಡಕ್ಕೋ ಮೂಗಿನ ತುದಿಯ ಕೋಪಕ್ಕೋ ಎಂದು ಕೇಳುವ ಧೈರ್ಯ ಈವರೆಗೆ ಯಾರಿಗೂ ಬಂದಿಲ್ಲ.

ಆಕೆಯ ಮೇಜಿನ ಪಕ್ಕದ ಕಿಟಕಿಯಲ್ಲಿ, ಬಣ್ಣದ ಹಳೆಯ ಡಬ್ಬಿಯೊಂದರಲ್ಲಿ, ಮನಿಪ್ಲಾಂಟ್ ಬಳ್ಳಿಯೊಂದಿತ್ತು. ಗಂಡ ತೀರಿಕೊಳ್ಳುವ ಮುನ್ನ ತನ್ನ ಕೈಯಾರೆ ನೆಟ್ಟದ್ದು. ಬಟ್ಟೆಗೆ ನೀರು ಚಿಮುಕಿಸಿ ಕಾವು ಕೊಡುವುದು ಕಸುಬಿನ ಕ್ರಮವಷ್ಟೆ. ಅಂಗಿಗೊಂದು ಚಿಮುಕು ಬಿದ್ದರೆ ಬಳ್ಳಿಗೂ ಒಂದು ಬೀಳುತ್ತಿತ್ತು. ಅದೇ ಆಕೆಯ ಜಪ, ಅದೇ ಗಂಡನೊಡನೆ ಆಕೆಯ ಮಾತು. ಆದರೂ ಎಲೆಗಳು ಹಳದಿಯಾಗಿ ಒಂದೊಂದೇ ಉದುರತೊಡಗಿದವು.

ಇನ್ನೊಂದು ಮೇಜಿನಲ್ಲಿ ದುಡಿಯುತ್ತಿದ್ದ ಮನೆಯಳಿಯ ಮೆಲ್ಲಗೆ ಹೇಳಿದ: "ಅತ್ತೆ, ನೀರು ಜಾಸ್ತಿ ಆಯ್ತೇನೋ."

"ಅಳಿಯಂದಿರೇ, ನೀವು ಹುಟ್ಟೋಕೆ ಮುಂಚಿನಿಂದ ನೀರು ಚಿಮುಕಿಸ್ತಿದೀನಿ. ನಂಗೆ ಕಲಿಸ್ಬೇಡಿ."

ಒಂದು ಮಧ್ಯಾಹ್ನ ಕೆಂಡಮ್ಮ ಮನೆಮನೆಗೆ ಬಟ್ಟೆ ಕೊಟ್ಟು ಮರಳಿದಾಗ, ಅಳಿಯ ಡಬ್ಬಿಯನ್ನು ಮೋರಿಯ ಮೇಲೆ ಬಗ್ಗಿಸಿ ಹಿಡಿದಿದ್ದನ್ನು ಕಂಡಳು. ಅಂಗಡಿ ಅದುರಿತು.

"ಸತ್ತವರ ಗುರುತನ್ನೂ ಮೋರಿಗೆ ಸುರೀತೀಯಾ?"

"ನಿಂತ ನೀರು ಬಸೀತಿದ್ದೆ ಅತ್ತೆ, ಅಷ್ಟೇ."

"ನನ್ನ ರಕ್ತ ಬಸಿದದ್ದು ಸಾಲ್ದಾ? ಎತ್ತು ಗಂಟುಮೂಟೆ!"

ಒಳಗಿನಿಂದ ಮಗಳು ಬಂದಳು. "ಅವರು ಹೊಸ್ತಿಲು ದಾಟಿದ್ರೆ ನಾನೂ ದಾಟ್ತೀನಿ ಅಮ್ಮ. ಆಮೇಲೆ ಆ ಬಳ್ಳಿ ಹತ್ರಾನೇ ಮಾತಾಡ್ಕೊಂಡಿರು."

"ಹೋಗೇ! ಅದಾದ್ರೂ ಎದುರುತ್ತರ ಕೊಡಲ್ಲ."

ಅವರಿಬ್ಬರೂ ಮೂಟೆ ಕಟ್ಟಲು ಒಳನಡೆದರು. ಆಕೆ ಡಬ್ಬಿಯನ್ನು ಕಿಟಕಿಯಲ್ಲಿ ಕುಕ್ಕಿ, ಬಳ್ಳಿಯನ್ನು ನೆಟ್ಟಗೆ ನಿಲ್ಲಿಸಹೋದಳು. ಅದು ಬುಡಸಹಿತ ಕೈಗೆ ಬಂತು. ಬೇರು ಕಪ್ಪಗೆ ಕೊಳೆತು ಲೋಳೆಯಾಗಿತ್ತು. ಮೂಗಿಗೆ ಬಡಿದದ್ದು ಆಕೆ ಚೆನ್ನಾಗಿ ಬಲ್ಲ ವಾಸನೆ: ಆರದೆ ಮಡಿಸಿಟ್ಟ ಬಟ್ಟೆಯ ಮುಗ್ಗಲು. ತೇವವಿದ್ದಾಗ ಮಡಿಸಬಾರದೆಂಬುದು ಆ ಕಸುಬಿನ ಮೊದಲ ಪಾಠ. ಊರವರ ಅಂಗಿಗೆಲ್ಲ ಸಂದ ಆ ನೇಮ ತನ್ನ ಗಂಡನ ಬಳ್ಳಿಗೆ ಮಾತ್ರ ಸಂದಿರಲಿಲ್ಲ.

ಮುನಿಸು ಈಗ ಮೇಲಕ್ಕೆ, ಭಗವಂತನತ್ತ ತಿರುಗಿತು. "ಒಂದು ಮಾತು ಹೇಳಬಾರದಿತ್ತಾ ಸ್ವಾಮೀ? ಬಾಯಿಗೆ ಬೀಗ ಬಿದ್ದಿತ್ತಾ?"

ಅವನು ಹೇಳಿದ್ದ. ಅಳಿಯನ ಬಾಯಿಂದ ಹೇಳಿಸಿದ್ದನಾದ್ದರಿಂದ ಆಕೆಗೆ ಕೇಳಿಸಿರಲಿಲ್ಲ. ತೋಯಿಸುವುದೊಂದೇ ಒಲುಮೆಯಲ್ಲ, ಬೇರಿಗೂ ಉಪವಾಸದ ದಿನಗಳು ಬೇಕು, ಉಸಿರಾಡಲು ಎಡೆ ಬೇಕು. ಶಾಸ್ತ್ರಗಳಿಂದ ನಾವು ನಿಧಾನವಾಗಿ ಕಲಿಯುವುದನ್ನು ಆಕೆ ಆ ದುರ್ಗಂಧದಿಂದ ಒಂದೇ ಗುಕ್ಕಿಗೆ ಕಲಿತಳು, ಕಲಿತದ್ದಕ್ಕೂ ಸಿಟ್ಟಾದಳು.

ಅಷ್ಟರಲ್ಲಿ ಮೂಟೆಗಳು ಬಾಗಿಲಿಗೆ ಬಂದವು.

"ಎಲ್ಲಿಗೆ ಹೊರಟಿದ್ದು?"

"ನೀವೇ ಹೇಳಿದ್ರಲ್ಲ ಅತ್ತೆ."

"ನಾನು ಕೊಟ್ಟಿದ್ದನ್ನೆಲ್ಲ ತೆಪ್ಪಗೆ ಕುಡಿಯೋಕೆ ನೀನೇನು ಬಳ್ಳಿನಾ? ಅದನ್ನ ಕೊಂದವಳು ನಾನು. ಮೂಟೆ ಇಳಿಸು! ಮೊಳೆ ತಂದು ಡಬ್ಬಿ ತಳಕ್ಕೆ ತೂತು ಹೊಡಿ!"

"ಕ್ಷಮೆ ಕೇಳ್ತಿದೀಯೋ ಬೈತಿದೀಯೋ ಅಮ್ಮ?" ಎಂದಳು ಮಗಳು.

"ಎರಡೂ ಕಣೇ!"

ಅಳಿಯ ಮೂಟೆ ಇಳಿಸಿದ. ತೂತು ಹೊಡೆದು, ಬಳ್ಳಿಯ ತುದಿಯಲ್ಲಿ ಹಸಿರುಳಿದಿದ್ದ ಒಂದು ಗೆಣ್ಣನ್ನು ಕತ್ತರಿಸಿ, ಹೊಸ ಮಣ್ಣಿಗೆ ನೆಟ್ಟ. ನೀರೆರೆಯುವುದು ಅಂದಿನಿಂದ ಅವನ ಪಾಲು. ಆಕೆಗೆ ಉಳಿದದ್ದು ಮುಟ್ಟದಿರುವ ತಪಸ್ಸು, ಅದೇ ಕಡುಕಷ್ಟದ್ದು. ಚಿಮುಕಿಸುವ ನೀರಿನ ಬಟ್ಟಲಿನಿಂದೆದ್ದ ಬೆರಳು ಕಿಟಕಿಯತ್ತ ಹೊರಳಿದರೆ ತನ್ನ ಕೈಗೆ ತಾನೇ ಬೈಯುತ್ತಾಳೆ. ಕೋಪ ಕರಗಿತೆಂದು ಬರೆದರೆ ನನ್ನ ಲೇಖನಿ ಹುಸಿ ನುಡಿದಂತಾದೀತು. ಈಗಲೂ ಗುಡುಗುತ್ತಾಳೆ, ಗುಡುಗಿದ ಮೇಲೆ, ಹಲ್ಲು ಕಚ್ಚಿಕೊಂಡು, ಎದುರಿನವರ ಮಾತು ಮುಗಿಯುವವರೆಗೆ ಕಾಯುತ್ತಾಳೆ.

ಆಕೆಯ ತೋಳಿಗೆ ಬಲವಿರಲಿ, ಕಣ್ಣಿಗೆ ಬೆಳಕಿರಲಿ. ಮಗಳೂ ಅಳಿಯನೂ ನೂರು ಕಾಲ ಬಾಳಲಿ. ಆ ಮನೆಯಲ್ಲಿ ಜಗಳಕ್ಕೆ ಸದಾ ಜನವಿರಲಿ, ಜಗಳದ ಬಳಿಕ ಜೊತೆಗೆ ಕೂತು ಉಣ್ಣಲು ಅಷ್ಟೂ ಜನ ಉಳಿದಿರಲಿ. ಭಗವಂತನು ಹಾಗೆಯೇ ನಡೆಸಲಿ.