ಎರಡು ಕವಡೆಯ ಕೌದಿ

ಸೇಡಂನಲ್ಲಿ ಕೌದಿಗಳ ಪ್ರದರ್ಶನವಿದೆ ಎಂದು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ನಮ್ಮ ಕಡೆ ಯಾರ ಮನೆಯ ಮಂಚದ ಕೆಳಗೆ ಬಗ್ಗಿ ನೋಡಿದರೂ ಕೌದಿ ಸಿಗುತ್ತದೆ. ಹಳೆ ಸೀರೆ, ಹರಿದ ಧೋತರ, ಕುಬಸದ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಹೊದಿಕೆ ನೋಡಲು ಚಿತ್ತಾಪುರದಿಂದ ರೈಲು ಹತ್ತಿ ಹೋಗಬೇಕೇ? ನಾನು ಹೀಗೆ ಗೊಣಗುತ್ತಿರುವಾಗಲೇ ಅವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಚಿಂಚೋಳಿ ಕಡೆಯ ಐನಾಪುರದಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತನ್ನ ಮದುವೆಯ ಕೌದಿಯನ್ನು ಅಲ್ಲಿಗೆ ತರುವವಳಿದ್ದಳು. ಅದನ್ನು ಹೊಲಿದವಳು ನಮ್ಮ ಅಜ್ಜಿ.

ಆ ಕೌದಿಯ ಮಾತು ಬಂದರೆ ಸಾಕು, ಅವ್ವನ ಮುಖ ಸಣ್ಣದಾಗುತ್ತಿತ್ತು. ಚಿಕ್ಕವಳಿದ್ದಾಗ ಅವಳಿಗೂ ಅಜ್ಜಿ ಒಂದು ಕೌದಿ ಹೊಲಿದಿದ್ದಳಂತೆ. ಅದಕ್ಕೆ ತಾನೇ ತುತ್ತಿಟ್ಟದ್ದು ಅವ್ವನಿಗೆ ನೆನಪಿತ್ತು. ನಮ್ಮ ಮನೆತನದಲ್ಲಿ ಕೌದಿಯ ನಟ್ಟನಡುವೆ ಅಂಗೈಯಷ್ಟು ಜಾಗವನ್ನು ಕೊನೆಯವರೆಗೂ ಹೊಲಿಯದೆ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಕೌದಿ ಯಾರಿಗೆ ಸೇರಬೇಕೋ ಅವಳು ಬಂದು ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಕವಡೆ ಇಟ್ಟ ಮೇಲೆ ಬಾಯಿ ಮುಚ್ಚಿ ಹೊಲಿಯುತ್ತಾರೆ. ರೊಟ್ಟಿ ಪುಡಿಯಾಗಿ ಹೋಗುತ್ತದೆ, ಕವಡೆ ಉಳಿಯುತ್ತದೆ. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂಬುದು ನಮ್ಮ ಹೆಂಗಸರ ನಂಬಿಕೆ. ತುತ್ತಿಟ್ಟವಳದೇ ಕೌದಿ.

ಆದರೆ ಅವ್ವನ ಮದುವೆಯ ಹೊತ್ತಿಗೆ ಅವಳ ಕೌದಿ ಇರಲಿಲ್ಲ. ಇಲಿ ಕಡಿದು ಹಾಳಾಯಿತು ಎಂದು ಹೇಳಿ ಅಜ್ಜಿ ಅಂಗಡಿಯಿಂದ ತಂದ ಸೊಲ್ಲಾಪುರ ಚಾದರ ಕೊಟ್ಟು ಕಳಿಸಿದ್ದಳು. ಅವ್ವ ಆ ಇಲಿಗಳನ್ನು ಎಂದೂ ನಂಬಲಿಲ್ಲ. "ಅಕ್ಕಗ ಕೌದಿ, ನನಗ ಚಾದರ. ನಮ್ಮವ್ವಗ ನಾ ಅಷ್ಟಕ್ಕಷ್ಟೇ" ಎಂದು ನಗುತ್ತಲೇ ಹೇಳುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ. ವಯಸ್ಸಾದಂತೆ ಅವಳಿಗೆ ಇನ್ನೊಂದು ಅನುಮಾನವೂ ಶುರುವಾಗಿತ್ತು: ಅಂಥದೊಂದು ಕೌದಿ ಖರೇ ಇತ್ತೋ, ಇಲ್ಲ ಅಕ್ಕನದನ್ನು ನೋಡಿ ತಾನೇ ಕಟ್ಟಿಕೊಂಡ ಕನಸೋ?

ಸೇಡಂನ ಕಲ್ಯಾಣ ಮಂಟಪಕ್ಕೆ ಕಾಲಿಟ್ಟ ಮೇಲೆ ನನ್ನ ಗೊಣಗಾಟ ನಿಂತುಹೋಯಿತು. ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿ ಕೌದಿಗಳನ್ನು ಇಳಿಬಿಟ್ಟಿದ್ದರು. ಮಂಚದ ಕೆಳಗೆ ಮಡಚಿ ಬಿದ್ದಿರುವಾಗ ಇವಕ್ಕೆ ಇಷ್ಟು ಬಣ್ಣವಿದೆಯೆಂದು ಯಾರಿಗೆ ಗೊತ್ತಿತ್ತು! ಶಹಾಬಾದದ ಹೆಂಗಸೊಬ್ಬಳು ಗಂಡನ ಖಾಕಿ ಪ್ಯಾಂಟುಗಳಲ್ಲೇ ಕೌದಿ ಹೊಲಿದು ಜೇಬುಗಳನ್ನು ಹಾಗೇ ಬಿಟ್ಟಿದ್ದಳು. ಮೊಮ್ಮಕ್ಕಳು ಅದರಲ್ಲಿ ಶೇಂಗಾ ಬಚ್ಚಿಡುತ್ತವಂತೆ. ವಾಡಿಯ ರೈಲ್ವೆ ಮನೆಯ ಕೌದಿಯಲ್ಲಿ ಕೆಂಪು, ಹಸಿರು ಬಾವುಟದ ಬಟ್ಟೆಯಿತ್ತು. "ಇದನ್ನ ಹೊದ್ದವರು ಮಲಗಬೇಕೋ, ಎದ್ದು ಹೊಂಡಬೇಕೋ?" ಎಂದು ಯಾರೋ ಕೇಳಿದರು. 'ಮುಟ್ಟಬಾರದು' ಎಂಬ ಬೋರ್ಡನ್ನು ಎಲ್ಲರೂ ಓದಿದರು, ಓದಿ ಎರಡೂ ಕೈಯಿಂದ ಮುಟ್ಟಿದರು. ನಾನೂ ಮುಟ್ಟಿದೆ. ಕೌದಿಯನ್ನು ಬರೇ ಕಣ್ಣಲ್ಲಿ ನೋಡಿ ಎಂದರೆ ಯಾರು ಕೇಳುತ್ತಾರೆ!

ಕೌದಿ ತಂದವರೆಲ್ಲ ಮೈಕಿನಲ್ಲಿ ನಾಲ್ಕು ಮಾತಾಡಬೇಕಿತ್ತು. ದೊಡ್ಡವ್ವನ ಸರದಿ ಬಂತು. ತುಂಡು ತುಂಡು ಇಳಕಲ್ ಸೀರೆಯ ದಪ್ಪ ಕೌದಿಯ ಪಕ್ಕದಲ್ಲಿ ನಿಂತು, ಮೈಕನ್ನು ಬಾಯಿಗೆ ಒತ್ತಿಕೊಂಡು, "ಇದು ನಮ್ಮವ್ವ ಹೊಲಿದದ್ದದ. ತುತ್ತು ಇಟ್ಟಾಕಿ ನಾನು" ಎಂದು ಶುರು ಮಾಡಿದಳು. ಅಷ್ಟರಲ್ಲಿ ಅವ್ವ ಹೋಗಿ ಕೌದಿಯ ಹೊಟ್ಟೆ ಒತ್ತಿ ನೋಡತೊಡಗಿದ್ದಳು. ಒತ್ತಿದ ಬೆರಳು ಅಲ್ಲೇ ನಿಂತಿತು.

"ಯಕ್ಕಾ, ಇದರಾಗ ಎರಡು ಕವಡಿ ಅವ."

"ಹುಚ್ಚಿ ಇದ್ದೀಯೇನು? ಒಂದು ಕೌದಿಗಿ ಒಂದೇ ತುತ್ತು. ನಾ ಇಟ್ಟಿದ್ದು ನನಗ ನೆಪ್ಪಿಲ್ಲೇನು?"

"ಬೇಕಾದ್ರ ನೀನೇ ಒತ್ತಿ ನೋಡು."

ಮೈಕು ದೊಡ್ಡವ್ವನ ಕೈಯಲ್ಲೇ ಇದ್ದದ್ದರಿಂದ ಅಕ್ಕತಂಗಿಯರ ಜಗಳ ಇಡೀ ಮಂಟಪಕ್ಕೆ ಕೇಳಿಸಿತು. ಹೆಂಗಸರು ಸುತ್ತ ಮುತ್ತಿಕೊಂಡರು. ದೊಡ್ಡವ್ವ ಒತ್ತಿ ನೋಡಿದಳು. ಒಂದು ಕವಡೆ ಬೆರಳಿಗೆ ಕೂಡಲೇ ಸಿಕ್ಕಿತು. ಇನ್ನೊಂದು ತುಸು ಪಕ್ಕಕ್ಕೆ, ಆಳದಲ್ಲಿತ್ತು. ಅವಳು ಕೌದಿಯ ಅಂಚು ಹಿಡಿದು, ಸವೆದ ಮೂಲೆಯ ದಾರವನ್ನು ಹಲ್ಲಿನಿಂದ ಕಚ್ಚಿದಳು. ಪ್ರದರ್ಶನದ ಉಸ್ತುವಾರಿಯ ಹುಡುಗಿ ಓಡಿ ಬಂದಳು.

"ಅಮ್ಮಾ, ಬ್ಯಾಡ್ರಿ! ಭಾಳ ಹಳೇದದ ಅದು!"

"ನನಗಿಂತ ಹಳೇದೇನಲ್ಲ, ಸುಮ್ ಕುಂದ್ರವ್ವ" ಎಂದು ದೊಡ್ಡವ್ವ ದಾರ ಎಳೆದಳು.

ಮೇಲಿನ ಸೀರೆಯ ಪದರ ಬಿಚ್ಚಿಕೊಂಡಿತು. ಒಳಗೆ ಚಿಂದಿ ಇರಲಿಲ್ಲ. ನಾಲ್ಕೂ ಬದಿ ಅಂಚು ಕಟ್ಟಿ, ಸಣ್ಣ ಹೊಲಿಗೆಯಲ್ಲಿ ಮುಗಿಸಿದ ಇನ್ನೊಂದು ಕೌದಿಯ ಮೂಲೆ ಇತ್ತು. ಹಳದಿ ಬಟ್ಟೆ, ಅದರ ಮೇಲೆ ಕರಿ ಬುಟ್ಟಾ.

"ಇದು ನನ್ನ ಪರಕರ" ಎಂದಳು ಅವ್ವ. "ನಾ ಸಾಲಿಗಿ ಉಟ್ಕೊಂಡು ಹೋಗ್ತಿದ್ದೆ."

ಹಳೆ ಕೌದಿಯನ್ನು ಒಳಗಿಟ್ಟು ಹೊಸದು ಹೊಲಿಯುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ದೊಡ್ಡವ್ವನ ಮದುವೆ ಗಡಿಬಿಡಿಯಲ್ಲಿ ಕೂಡಿಬಂದಿತ್ತಂತೆ. ಕೌದಿಯೊಳಗೆ ತುಂಬಲು ಅಷ್ಟು ಹಳೆ ಬಟ್ಟೆ ಮನೆಯಲ್ಲಿ ಎಲ್ಲಿಂದ ಬರಬೇಕು? ಅಜ್ಜಿ ಸಣ್ಣ ಮಗಳ ಕೌದಿಯನ್ನೇ ಒಳಗೆ ಹಾಸಿ ದೊಡ್ಡವಳದನ್ನು ಮುಗಿಸಿದ್ದಳು. ಮದುಮಗಳು ತುತ್ತಿಡುವವರೆಗೆ ತನ್ನ ಕೌದಿ ನೋಡಬಾರದು, ಹಾಗಾಗಿ ದೊಡ್ಡವ್ವನಿಗೂ ತಿಳಿಯಲಿಲ್ಲ. ತುತ್ತಿಟ್ಟ ಕೌದಿಯನ್ನು ಕಸಿದುಕೊಂಡೆ ಎಂದು ಮಗಳಿಗೆ ಹೇಗೆ ಹೇಳುವುದು? ಪಾಪ, ಇಲಿಗಳ ತಲೆಗೆ ಕಟ್ಟಿದಳು.

ಅವ್ವ ಆ ಹಳದಿ ಮೂಲೆಯನ್ನು ತಿಕ್ಕುತ್ತ ನಿಂತಳು. ಅಳುತ್ತಾಳೆಂದು ನಾನು ಹತ್ತಿರ ಹೋದೆ. ಅವಳು ಅಕ್ಕನ ಕಡೆ ಬೆರಳು ತೋರಿಸಿ, "ಇಲಿ ನೋಡ್ರಿ ಇಲಿ! ಐನಾಪುರದಾಗ ಕುಂತಿತ್ತು!" ಎಂದು ನಗತೊಡಗಿದಳು. ದೊಡ್ಡವ್ವನೂ ನಕ್ಕಳು, ಮೈಕಿನಲ್ಲೇ. ಮಂಟಪಕ್ಕೆ ಮಂಟಪವೇ ನಕ್ಕಿತು. ನಗುತ್ತಲೇ ಇಬ್ಬರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಷ್ಟು ಖುಷಿಯಾಗಿದ್ದ ಅವ್ವನನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಒಯ್ಯಿ ತಂಗಿ" ಎಂದಳು ದೊಡ್ಡವ್ವ. "ಮೊದಲ್ನೇ ತುತ್ತು ನಿಂದದ. ಬರಾಬರ ನಿನಗೇ ಸೇರಬೇಕು."

ಅವ್ವ ಉಸ್ತುವಾರಿಯ ಆ ಹುಡುಗಿಯಿಂದ ಸೂಜಿದಾರ ಕೇಳಿ ತಗೊಂಡು, ತಣ್ಣನೆಯ ಶಹಾಬಾದಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಬಿಚ್ಚಿದ ಮೂಲೆಯನ್ನು ಹೊಲಿಯತೊಡಗಿದಳು. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನನ್ನ ತಲೆ ತಿಂದವಳು ಈಗ ತಾನಾಗಿ ಬಂದದ್ದನ್ನು ಬಿಟ್ಟುಕೊಡುವುದೇ? "ನಾಲ್ಕು ದಿನಾ ಆದ್ರೂ ಹೊದ್ದು ಆಮ್ಯಾಗ ಕೊಡು ಯವ್ವಾ" ಎಂದೆ.

"ಇದ್ದಲ್ಲೇ ಇರ್ಲಿ. ಬಿಚ್ಚಿದ್ರ ಎರಡೂ ಹಾಳಾಗ್ತಾವ" ಎಂದು ಅವ್ವ ಗಂಟು ಹಾಕಿ ದಾರ ಕಡಿದಳು. ದೊಡ್ಡವ್ವ ಹೊಲಿಗೆಯ ಮೇಲೆ ಕೈಯಾಡಿಸಿ, ಹೊಲಿಗೆಯ ಟಾಕಿ ಒಂದೊಂದೂ ದೊಡ್ಡದಾಯಿತು ಎಂದು ತಪ್ಪು ತೆಗೆದಳು. ಅದಕ್ಕೂ ಒಂದು ಸುತ್ತು ಜಗಳವಾಯಿತು. ಸಂಜೆ ದೊಡ್ಡವ್ವ ಕೌದಿಯ ಗಂಟು ಕಟ್ಟಿಕೊಂಡು ಚಿಂಚೋಳಿ ಬಸ್ಸು ಹತ್ತಿದಳು, ನಾವು ಸ್ಟೇಷನ್ನಿಗೆ ಬಂದೆವು.

ರೈಲಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು. ಎದುರಿಗೆ ತಾಂಡೂರಿನಿಂದ ಬರುತ್ತಿದ್ದ, ಗುರುತಿಲ್ಲದ ಹೆಂಗಸೊಬ್ಬಳಿದ್ದಳು. ಎಲ್ಲಿಗೆ ಹೋಗಿ ಬಂದಿರಿ ಎಂದು ಅವಳು ಕೇಳಿದ್ದೇ ತಡ, ಅವ್ವ ಅವಳ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿದಳು: "ನನಗೂ ಒಂದು ಹೊಲದಿದ್ದಳ್ರಿ ನಮ್ಮವ್ವ."