ಕಡವೆಯ ಕಾರ್ಜ

ಕಾನ್ವೆಂಟಿನಲ್ಲಿ ಓದಿದವಳು ನಾನು. ದೆವ್ವ, ಗಾಳಿ, ದೃಷ್ಟಿ ಎಂದು ಯಾರಾದರೂ ಮಾತೆತ್ತಿದರೆ ‘ನಾನ್‌ಸೆನ್ಸ್’ ಎಂದು ಎದ್ದು ಹೋಗುತ್ತಿದ್ದೆ. ಈಗಲೂ ಅವನ್ನೆಲ್ಲ ನಂಬುತ್ತೇನೆಂದು ಹೇಳಲಾರೆ. ಎದ್ದು ಹೋಗುವುದನ್ನು ಮಾತ್ರ ಬಿಟ್ಟಿದ್ದೇನೆ. ಕಾರಣ ಹೇಳುತ್ತೇನೆ. ಊಟಕ್ಕೆ ಕೂರುವ ಹೊತ್ತಾಗಿದ್ದರೆ ದಯವಿಟ್ಟು ಆಮೇಲೆ ಓದಿ.

ಎರಡನೆಯ ಮಹಾಯುದ್ಧದ ವರ್ಷಗಳು, ನನಗೆ ಹದಿನೇಳು. ನಮ್ಮದು ಬೈರಕೂರಿನ ಹತ್ತಿರದ ಹಳ್ಳಿ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪನನ್ನು ನಾಯ್ನಾ ಎಂದೇ ಕರೆಯುತ್ತಿದ್ದೆ. ನಾಯ್ನಾ ಶಿಕಾರಿಯಲ್ಲಿ ಹೆಸರು ಮಾಡಿದ್ದವರು. ಆದರೆ ಆಗ ತೋಟಾ ಸಿಗದೆ ಬಂದೂಕು ಗೋಡೆಯ ಮೇಲೆ ಧೂಳು ತಿನ್ನುತ್ತಿತ್ತು. ಬೇಸಿಗೆಯ ರಜಕ್ಕೆ ಬರುವಾಗ ನಾನೊಂದು ಬಿಲ್ಲು ತಂದಿದ್ದೆ. ಸ್ಕೂಲಿನಲ್ಲಿ ಆರ್ಚರಿಗೆ ನಾನೇ ಫಸ್ಟ್ ಎಂದು ಸಿಸ್ಟರ್ ಪ್ರೀತಿಯಿಂದ ಕೊಟ್ಟದ್ದು.

ಮನೆಗೆ ಬಂದರೆ ನನಗೆ ಗಂಡು ಗೊತ್ತಾಗಿತ್ತು. ಶ್ರೀನಿವಾಸಪುರದ ಕಡೆಯವನು, ಮಾವಿನ ತೋಪುಗಳ ಯಜಮಾನ, ಹೆಂಡತಿ ಸತ್ತವನು, ನಾಯ್ನಾನಿಗಿಂತ ಎಂಟೇ ವರ್ಷ ಚಿಕ್ಕವನು. ಮತ್ತೆ ಓದುವ ಮಾತೇ ಇಲ್ಲ. ಮೂರು ದಿನ ಅತ್ತೆ.

“ಹತ್ತಿ ಹಿಂಜೋ ಬಿಲ್ಲು ಮಡಿಲಲ್ಲಿಟ್ಕೊಂಡು ಅಳ್ತಾಳೆ ನೋಡು,” ಎಂದು ನಾಯ್ನಾ ನಕ್ಕರು. “ಅದರಲ್ಲಿ ಒಂದು ಕಡವೆ ಹೊಡಿ. ಎರಡು ವರ್ಷ ಮದುವೆ ಮಾತೇ ಎತ್ತಲ್ಲ.”

“ಪ್ರಾಮಿಸ್?”

“ಅದೆಲ್ಲ ನಂಗೊತ್ತಿಲ್ಲ. ಮಾತು ಅಂದ್ರೆ ಮಾತು ಕಣೇ.”

ಕಡವೆಯನ್ನು ನಮ್ಮ ಸಿಸ್ಟರ್ ‘ಎಲ್ಕ್’ ಎನ್ನುತ್ತಿದ್ದರು. ಎತ್ತಿನಷ್ಟು ಎತ್ತರದ ಪ್ರಾಣಿ. ಕುಲುಮೆಗೆ ಹೋಗಿ ಎರಡು ಬಾಣಗಳಿಗೆ ಕಬ್ಬಿಣದ ಅಲಗು ಹಾಕಿಸಿದೆ. ನಮ್ಮ ಹುಂಜದ ಗರಿ ಕಟ್ಟಿ, ನನ್ನ ಜಡೆಯ ಕೆಂಪು ರಿಬ್ಬನ್ನು ಸುತ್ತಿದೆ. ಬೆಳಕು ಹರಿಯುವ ಮೊದಲೇ ಒಬ್ಬಳೇ ಬೆಟ್ಟ ಹತ್ತಿ, ಬಂಡೆಗಳ ನಡುವಿನ ನೀರಿನ ದೊಣೆಯ ಹತ್ತಿರ ಕುಳಿತೆ.

ಕಡವೆ ಬಂತು. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಬಾಣ ಮುಂಗಾಲಿನ ಹಿಂದೆ ನಾಟಿತು. ಅದು ನೆಗೆದು ಓಡಿತು. ನೆತ್ತರಿನ ಜಾಡು ಹಿಡಿದು ಹೋದೆ. ಎಲೆಯ ಮೇಲಿನ ಹನಿ ಬೆರಳಿಗೆ ಬೆಚ್ಚಗೆ ಅಂಟಿತು. ಲಂಟಾನದ ಪೊದೆ ಬಳಸಿ ತಿರುಗುತ್ತಲೇ ಗಬ್ಬುನಾತ ಮುಖಕ್ಕೆ ಹೊಡೆಯಿತು.

ಕಡವೆ ಬಿದ್ದಿತ್ತು. ಹೊಟ್ಟೆ ಊದಿ ಒಡೆದಿತ್ತು. ಕಣ್ಣಿನ ಗುಳಿಗಳು ಖಾಲಿ. ಪಕ್ಕೆಯಲ್ಲಿ ನನ್ನದೇ ಬಾಣ, ನನ್ನದೇ ರಿಬ್ಬನ್ನು. ಅದರ ಸುತ್ತ ಕುದಿಯುವ ಅನ್ನದ ಹಾಗೆ ಹುಳುಗಳು ಮೇಲೆ ಕೆಳಗೆ ಆಡುತ್ತಿದ್ದವು. ಸತ್ತು ನಾಲ್ಕೈದು ದಿನವಾದ ಹೆಣ ಅದು. ನಾನು ಬಾಣ ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಬಾಣ ಕೀಳಲು ಬಗ್ಗಿದವಳು ಅಲ್ಲೇ ವಾಂತಿ ಮಾಡಿಕೊಂಡು ಓಡಿದೆ.

“ಕೊಳೆತು ಹೋಗಿದೆ ನಾಯ್ನಾ, ಹುಳ ಬಿದ್ದಿದೆ,” ಎಂದು ಅಳುತ್ತ ಹೇಳಿದೆ. ಜಾಡು ನೋಡುವುದರಲ್ಲಿ ಪಳಗಿದ ಇಮಾಮ್ ಸಾಬರು ಆರು ಜನ ಆಳುಗಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋದರು. ಮಧ್ಯಾಹ್ನದ ಹೊತ್ತಿಗೆ ಬೊಂಬಿಗೆ ಕಟ್ಟಿದ ಕಡವೆಯನ್ನು ತಂದು ಅಂಗಳದಲ್ಲಿ ಇಳಿಸಿದರು.

“ಹುಳ ಎಲ್ಲಿ ಅಮ್ಮಣ್ಣಿ? ಮುಟ್ಟಿ ನೋಡಿ, ಇನ್ನೂ ಬೆಚ್ಚಗೈತೆ. ಪೊದೆ ಹಿಂದೇನೇ ಬಿದ್ದಿತ್ತು.”

“ಕಾನ್ವೆಂಟ್ ಮೂಗು ಸಾಬ್ರೇ ಅದು,” ಎಂದರು ನಾಯ್ನಾ. “ನಮ್ಮ ಮುದ್ದೆ ಸಾರೂ ಅದಕ್ಕೆ ನಾತಾನೇ.”

ಕೂದಲು ಹೊಳೆಯುತ್ತಿತ್ತು. ಕಣ್ಣುಗಳಿದ್ದವು, ಒದ್ದೆಯಾಗಿ. ಪಕ್ಕೆಯಲ್ಲಿ ನನ್ನ ಬಾಣ. ಆದರೆ ಆ ನಾತ ನನಗೆ ಮಾತ್ರ ಹಾಗೆಯೇ ಬರುತ್ತಿತ್ತು.

ನಮ್ಮ ಕಡೆ ಬೇಟೆಗೆ ಒಂದು ನಿಯಮವಿತ್ತು. ಹೊಡೆದವರೇ ಮೊದಲು ಕಾರ್ಜ, ಅಂದರೆ ಲಿವರ್, ತಿನ್ನಬೇಕು. ತಿನ್ನದಿದ್ದರೆ ಬೇಟೆ ಅವರದಲ್ಲ, ಕಾಡಲ್ಲಿ ಬಿದ್ದು ಸಿಕ್ಕಿದ್ದು ಎಂದು ಲೆಕ್ಕ. ನಾಯ್ನಾ ಕೆಂಡದಲ್ಲಿ ಸುಟ್ಟು, ಉಪ್ಪು ಮೆಣಸು ಹಚ್ಚಿ, ಮುತ್ತುಗದ ಎಲೆಯ ಮೇಲೆ ನನ್ನ ಮುಂದಿಟ್ಟರು.

“ತಿನ್ನು. ಇಲ್ಲಾ ಬಿಡು, ಶ್ರೀನಿವಾಸಪುರಕ್ಕೆ ಹೇಳಿ ಕಳಿಸ್ತೀನಿ.”

ಎಲ್ಲರೂ ನೋಡುತ್ತಿದ್ದರು. ಕಣ್ಣು ಮುಚ್ಚಿದರೆ ಆ ಕುದಿಯುವ ಬಿಳುಪೇ ಕಾಣುತ್ತಿತ್ತು. ಬಾಯಿಗೆ ಹಾಕಿಕೊಂಡು ಅಗಿದು ನುಂಗಿದೆ. ನಾಯ್ನಾ ತೊಡೆ ತಟ್ಟಿ ನಕ್ಕರು. ಜೂನಿನಲ್ಲಿ ನಾನು ಸ್ಕೂಲಿಗೆ ಮರಳಿದೆ.

ಕಡವೆಯ ಮಾಂಸ ತಿಂದವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಡಾಕ್ಟರಾಗಿರುವ ನನ್ನ ಮೊಮ್ಮಗಳು, “ಖಾಲಿ ಹೊಟ್ಟೆ, ಬಿಸಿಲು, ಟೆನ್ಷನ್ನು. ಹಾಲೂಸಿನೇಷನ್ ಅಷ್ಟೇ ಅಜ್ಜಿ,” ಎನ್ನುತ್ತಾಳೆ. ಇರಬಹುದು. ಆದರೆ ಅಂದು ಸಂಜೆ ಕ್ಯಾನ್ವಾಸ್ ಶೂ ಬಿಚ್ಚುವಾಗ ಲೇಸಿನ ಗಂಟಿನಿಂದ ಒಂದು ಬಿಳಿ ಹುಳು ನೆಲಕ್ಕೆ ಬಿತ್ತು. ಜೀವ ಇತ್ತು. ಬಾಗಿಲಿನವರೆಗೂ ಹರಿಯಿತು, ಮೆಟ್ಟಿ ಕೊಲ್ಲಲು ನನಗೆ ಕಾಲು ಬರಲಿಲ್ಲ.

ಅಂದಿನಿಂದ ನಾನು ಮಾಂಸ ಮುಟ್ಟಿಲ್ಲ. ಮನೆಯವರು ಅದನ್ನು ಭಕ್ತಿ ಎಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಬೆಟ್ಟದ ಮೇಲೆ ನಾನು ಕಂಡದ್ದೇನು, ಅಂಗಳದಲ್ಲಿ ಅವರು ಕೊಯ್ದದ್ದೇನು, ಇವತ್ತಿಗೂ ನನಗೆ ಗೊತ್ತಿಲ್ಲ. ಮುದುಕಿಯಾದ ಮೇಲೆ ನಾಚಿಕೆ ಏಕೆ, ಒಂದನ್ನು ಹೇಳಿಬಿಡುತ್ತೇನೆ. ಆ ಕಾರ್ಜ ಬಹಳ ರುಚಿಯಾಗಿತ್ತು. ಮೊದಲನೆಯ ತುಂಡು ನಿಯಮಕ್ಕೆ ತಿಂದೆ. ಎರಡನೆಯದನ್ನು ನಾನೇ ಕೇಳಿ ಹಾಕಿಸಿಕೊಂಡೆ.