ಅಳತೆ ಅಕ್ಕ ಮತ್ತು ಮೇಲೇರಿದ ಸೀಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯಲ್ಲಿ ಹಾಲು ಹಾಕುವವನ ಹೊರತು ಬೇರೆ ನರಪಿಳ್ಳೆಯೂ ಇಲ್ಲ. ಅಂಥ ಹೊತ್ತಿನಲ್ಲಿ ಹೆಂಗಸೊಬ್ಬರು ತಮ್ಮದೇ ಅಂಗಡಿಯ ಶಟರನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆ ಯಾರೂ ಇಲ್ಲವೆಂದು ಅವರಿಗೂ ಗೊತ್ತು. ಕೀಲಿ ಅವರ ಸೊಂಟದಲ್ಲೇ ಇದೆ. ಆದರೂ ತಟ್ಟುತ್ತಾರೆ, ಒಂದು ಉಸಿರು ಕಾಯುತ್ತಾರೆ, ಆಮೇಲೆ ಶಟರ್ ಎತ್ತುತ್ತಾರೆ. ಒಳಗೆ ಸೂರಿನ ಕೊಕ್ಕೆಗಳಿಂದ ತಲೆಕೆಳಗಾಗಿ ನೇತುಬಿದ್ದ ಸೈಕಲ್ಲುಗಳು. ಅವುಗಳಲ್ಲಿ ಒಂದರ ಚಕ್ರ ಟಿಕ್ ಟಿಕ್ ಎನ್ನುತ್ತ ನಿಧಾನವಾಗಿ ತಿರುಗಿ, ಬೆಳಕು ಬಿದ್ದೊಡನೆ ನಿಲ್ಲುತ್ತದೆ.

"ಗಾಳಿ," ಎನ್ನುತ್ತಾರೆ ಅವರು, ಯಾರೂ ಕೇಳುವ ಮೊದಲೇ. ಆ ಅಂಗಡಿಗೆ ಕಿಟಕಿಯೇ ಇಲ್ಲ.

ಊರಿನ ಸೈಕಲ್ ಸವಾರರ ಬಾಯಲ್ಲಿ ಅವರು ಅಳತೆ ಅಕ್ಕ. ದೂರದ ದಾರಿಗೆಂದೇ ಮಾಡಿದ, ಬಾಗಿದ ಹ್ಯಾಂಡಲಿನ, ಬೆರಳಗಲ ಟೈರಿನ ರೋಡ್ ಬೈಕುಗಳನ್ನು ಆಳಿಗೆ ತಕ್ಕಂತೆ ಹೊಂದಿಸಿಕೊಡುವುದು ಅವರ ಕೆಲಸ. ಬಂದವರನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ, ಕಾಲ ಸಂದಿಗೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಒತ್ತಿ ಹಿಡಿಸಿ, ಅಲ್ಲಿಂದ ನೆಲದವರೆಗೆ ಟೇಪು ಇಳಿಬಿಡುತ್ತಾರೆ. ಭುಜದ ಅಗಲಕ್ಕೆ ಹ್ಯಾಂಡಲು, ಕಾಲಿನ ಉದ್ದಕ್ಕೆ ಪೆಡಲಿನ ತೋಳು. ಸೀಟಿನ ಅಗಲಕ್ಕೆ ಮಾತ್ರ ಟೇಪಿಲ್ಲ. ಸ್ಟೂಲಿನ ಮೇಲೆ ಮೆತ್ತನೆಯ ರಟ್ಟು ಹಾಸಿ ಕೂರಿಸುತ್ತಾರೆ. ಎದ್ದ ಮೇಲೆ ರಟ್ಟಿನಲ್ಲಿ ಎರಡು ಗುಳಿ ಉಳಿಯುತ್ತವೆ; ಅವುಗಳ ನಡುವಿನ ದೂರವೇ ಸೀಟಿನ ಅಗಲ. ಗುಳಿ ನೋಡಿ ಆಳನ್ನು ಗುರುತಿಸುತ್ತೇನೆ ಎನ್ನುತ್ತಾರೆ ಅಕ್ಕ, ಮುಖ ಮರೆತರೂ.

ಅವರ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದವರು. ಟೇಪು ಹಿಡಿಯುವುದು ಅಲ್ಲಿಂದ ಬಂತು. "ರವಿಕೆ ಬಿಗಿಯಾದ್ರೆ ಹೊಲಿಗೆ ಬಿಚ್ಚಿ ಕೊಡ್ಬಹುದು. ಫ್ರೇಮು ಬಿಗಿಯಾದ್ರೆ ಏನ್ ಬಿಚ್ಚೋದು? ಅದು ಎಲುಬು ಇದ್ದ ಹಾಗೆ," ಎನ್ನುತ್ತಾರೆ. ಮದುವೆಯಾಗಿ ಬಂದಾಗ ಇದು ಯಜಮಾನರ ಪಂಕ್ಚರ್ ಅಂಗಡಿ. ಬೆನ್ನು ಹಿಡಿದುಕೊಂಡು ಬಂದ ಸವಾರನೊಬ್ಬನ ಸೀಟನ್ನು ಅಕ್ಕ ಒಂದು ಬೆರಳು ಎತ್ತಿಕೊಟ್ಟದ್ದೇ ನೆಪ, ಬಾಯಿಂದ ಬಾಯಿಗೆ ಸುದ್ದಿ ಹೋಯಿತು. ಈಗಲೂ ಹೊಸಬರು ಬಂದು "ಯಜಮಾನರಿಲ್ವಾ?" ಎಂದು ಅಕ್ಕನನ್ನೇ ಕೇಳುತ್ತಾರೆ. ಯಜಮಾನರು ಒಳಗಿನಿಂದ, "ಇದ್ದಾರೆ, ನಿಮ್ಮೆದುರಿಗೇ ನಿಂತಿದ್ದಾರೆ," ಎಂದು ಕೂಗುತ್ತಾರೆ.

ದಿನಕ್ಕೆ ಮೂರು ಆಳು, ಹೆಚ್ಚೆಂದರೆ ನಾಲ್ಕು. ಅಷ್ಟಕ್ಕೇ ಸಿಮೆಂಟ್ ನೆಲದಲ್ಲಿ ಮಂಡಿಯೂರಿ ಮಂಡಿಯೂರಿ ಅಕ್ಕನ ಮೊಣಕಾಲು ಕಾಯಿಕಟ್ಟಿದೆ. ಬಣ್ಣ ನೋಡಿ ಸೈಕಲ್ ಆರಿಸುವವರ ಮೇಲೆ ಅವರಿಗೆ ವಿಪರೀತ ಸಿಟ್ಟು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಅದು ಇಲ್ಲಿ ನಡೆಯೋಲ್ಲ. ಇಲ್ಲಿ ಕಾಲು ಇದ್ದಷ್ಟು ಹಾಸಿಗೆ." ಅಳತೆ ಮುಗಿದ ಮೇಲೆ ಸೀಟಿನ ಕೊಳವೆ ಫ್ರೇಮಿನೊಳಕ್ಕೆ ಇಳಿಯುವ ಜಾಗದಲ್ಲಿ ಒಂದು ಸುತ್ತು ಕರಿ ಟೇಪು ಸುತ್ತುತ್ತಾರೆ. ಅದು ಆ ಸವಾರನ ಗುರುತು. ಸವಾರನೇ ಬಂದು ಹೇಳುವ ತನಕ ಆ ಟೇಪನ್ನು ಯಾರೂ ಬಿಚ್ಚುವಂತಿಲ್ಲ.

ಈ ನಿಯಮವನ್ನು ಅಕ್ಕ ಒಂದೇ ಒಂದು ಸಲ ಮುರಿದಿದ್ದಾರೆ. ಶಟರ್ ತಟ್ಟುವ ಅಭ್ಯಾಸ ಶುರುವಾದದ್ದು ಅಲ್ಲಿಂದ.

ಈಜು ಕಲಿಸುವ ಮೇಷ್ಟರೊಬ್ಬರಿದ್ದರು. ಆರಡಿ ಮೀರಿದ ಆಳು, ಐವತ್ತೆಂಟು ಸೆಂಟಿಮೀಟರಿನ ಫ್ರೇಮು. ಒಂದು ಮುಂಜಾನೆ ಬೆಟ್ಟದ ದಾರಿ ಹತ್ತುತ್ತಿದ್ದವರು ಕೊನೆಯ ತಿರುವಿನಲ್ಲಿ ಇಳಿದು, ಸೈಕಲ್ಲನ್ನು ಜೋಪಾನವಾಗಿ ಕಲ್ಲಿಗೆ ಒರಗಿಸಿ, ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲ. ಸೈಕಲ್ಲಿಗೆ ಒಂದು ಗೀರೂ ಆಗಿರಲಿಲ್ಲ. ಕೆಲವು ತಿಂಗಳ ಮೇಲೆ ಅವರ ಹೆಂಡತಿ ಅದನ್ನು ತಳ್ಳಿಕೊಂಡು ಅಂಗಡಿಗೆ ಬಂದರು. ಅಕ್ಕನ ಭುಜದವರೆಗೆ ಬರುವ ಹೆಂಗಸು.

"ಇದನ್ನ ನನಗೆ ಸರಿ ಮಾಡ್ಕೊಡಿ ಅಕ್ಕಾ. ಆ ತಿರುವಿಂದ ಮೇಲಕ್ಕೆ ಅವರು ಹೋಗ್ಲಿಲ್ಲ. ಅಷ್ಟು ದಾರಿ ನಾನು ಇದರಲ್ಲೇ ಹತ್ತಬೇಕು. ಆಮೇಲೆ ಇಳಿದು ಮನೆಗೆ ಬರಬೇಕು."

ಆಗುವುದಿಲ್ಲ ಎಂದು ಅಕ್ಕ ಹೇಳಬೇಕಿತ್ತು. ಹತ್ತುವುದು ಹೇಗೋ ಆದೀತು. ಎಟುಕದ ಬ್ರೇಕು ಇಟ್ಟುಕೊಂಡು ಬೆಟ್ಟ ಇಳಿಯುವುದು ಜೀವಕ್ಕೇ ಸಂಚಕಾರ. ಅದೆಲ್ಲ ಗೊತ್ತಿದ್ದೂ ಆಕೆಯ ಕಣ್ಣು ನೋಡಿ ಅಕ್ಕನಿಗೆ ನಾಲಿಗೆ ಏಳಲಿಲ್ಲ. "ಮನಸ್ಸು ಅಳೆದುಬಿಟ್ಟೆ, ಕಾಲು ಅಳೀಲಿಲ್ಲ," ಎನ್ನುತ್ತಾರೆ ಈಗ. ಹ್ಯಾಂಡಲನ್ನು ಹಿಡಿದಿಡುವ ಕೊಂಡಿ ಬದಲಿಸಿ ಗಿಡ್ಡದ್ದು ಹಾಕಿದರು. ಮೇಷ್ಟರ ಕರಿ ಟೇಪು ಬಿಚ್ಚಿ, ಸೀಟನ್ನು ಇಳಿಯುವಷ್ಟೂ ಇಳಿಸಿ, ಬೋಲ್ಟು ಬಿಗಿದು, ಹೊಸ ಟೇಪು ಸುತ್ತಿ ಶಟರ್ ಎಳೆದರು.

ಬೆಳಿಗ್ಗೆ ಬಂದು ನೋಡಿದರೆ ಸೀಟು ಮೇಲಿತ್ತು. ಹಳೆಯ ಟೇಪಿನ ಅಂಟು ಕೊಳವೆಯ ಮೇಲೆ ಎಲ್ಲಿ ಗೆರೆಯಾಗಿ ಉಳಿದಿತ್ತೋ, ಸರಿಯಾಗಿ ಅಲ್ಲಿಗೆ.

"ನೋಡಿ, ಸೀಟು ಕೆಳಕ್ಕೆ ಜಾರೋದುಂಟು. ಬೋಲ್ಟು ಸಡಿಲ ಆದ್ರೆ ಕೂತವರ ಭಾರಕ್ಕೆ ಇಳಿಯುತ್ತೆ. ಮೇಲಕ್ಕೆ ಜಾರೋ ಸೀಟು ನಾನು ಹುಟ್ಟಿದಾಗಿಂದ ಕಂಡಿಲ್ಲ." ಅಕ್ಕನ ಅನುಮಾನ ಮೊದಲು ಹೋದದ್ದು ಯಜಮಾನರ ಮೇಲೆ, ಅವರ ತಮಾಷೆಗೆ ಹೊತ್ತುಗೊತ್ತಿಲ್ಲ. ಮತ್ತೆ ಇಳಿಸಿ, ಬಿಗಿದು, ಕೀಲಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ಮತ್ತೆ ಮೇಲಿತ್ತು. ಬೋಲ್ಟು ಬಿಗಿಯಾಗಿಯೇ ಇತ್ತು. ಪಕ್ಕದ ಸ್ಟೂಲಿನ ಮೇಲೆ ಹಾಸಿದ್ದ ಹೊಸ ರಟ್ಟಿನಲ್ಲಿ ಎರಡು ಗುಳಿ ಬಿದ್ದಿದ್ದವು. ಅಕ್ಕ ಟೇಪು ಹಿಡಿಯಲಿಲ್ಲ. ಯಾರ ಗುಳಿಯೆಂದು ನೋಡಿದೊಡನೆ ಗೊತ್ತಾಯಿತು.

"ನನ್ನ ಸೈಕಲ್ ಮುಟ್ಟಬೇಡ ಅಂತಿದ್ದಾರೆ ಕಣೇ ಮೇಷ್ಟ್ರು. ವಾಪಸ್ ಕೊಟ್ಬಿಡು," ಎಂದರು ಯಜಮಾನರು. ಆ ದಿನ ಅವರೂ ತಮಾಷೆ ಮಾಡಲಿಲ್ಲ.

ಅಕ್ಕ ಮಧ್ಯಾಹ್ನದವರೆಗೂ ಆ ಸೈಕಲ್ಲಿನ ಎದುರು ಸುಮ್ಮನೆ ಕೂತರು. ಭಯವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಭಯದ ಅಡಿಯಲ್ಲಿ ಇನ್ನೊಂದು ಮಾತು ಹೊಳೆಯಿತು: ಮೇಷ್ಟರು ಜಗಳಗಂಟರಲ್ಲ. ಸೈಕಲ್ಲು ತನಗೇ ಬೇಕೆನ್ನುವವರಾಗಿದ್ದರೆ, ಎದೆನೋವಿನಲ್ಲೂ ಅದನ್ನು ಮುಂದಿನವರಿಗೆಂಬಂತೆ ಜೋಪಾನವಾಗಿ ಒರಗಿಸಿಟ್ಟು ಹೋಗುತ್ತಿದ್ದರೇ? ಅವರು ಹೇಳುತ್ತಿರುವುದು ಅಕ್ಕ ಬಾಯಿಬಿಟ್ಟು ಹೇಳಲಾರದೆ ಹೋದ ಮಾತನ್ನೇ. ಇದು ಹೆಂಡತಿಯ ಅಳತೆಯಲ್ಲ ಎಂದು.

ಮೇಷ್ಟರ ಹೆಂಡತಿಗೆ ಹೇಳಿ ಕಳಿಸಿದರು. ಈ ಸಲ ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಜವಾಗಿ ಅಳೆದರು. ಅಳತೆ ಐವತ್ತರ ಫ್ರೇಮಿಗೆ ಬಂದು ನಿಂತಿತು. "ನೋಡಮ್ಮಾ, ಮೈಯ ಅಳತೆ ಯಾರಿಂದ ಯಾರಿಗೂ ಬರೋಲ್ಲ. ಫ್ರೇಮು, ಸೀಟು, ಹ್ಯಾಂಡಲು, ಪೆಡಲಿನ ತೋಳು ಅವರದು ಅವರಿಗೇ ಇರ್ಲಿ. ಚಕ್ರ, ಗೇರು, ಬ್ರೇಕು ಯಾರ ಮೈಯನ್ನೂ ಕೇಳೋಲ್ಲ. ಅವನ್ನ ನಿನ್ನ ಫ್ರೇಮಿಗೆ ಹಾಕ್ಕೊಡ್ತೀನಿ. ಅವರು ಓಡಿಸಿದ ಚಕ್ರವೇ ಆ ತಿರುವು ದಾಟುತ್ತೆ. ಆಗ್ಬಹುದಾ?"

ಆಕೆ ಹಳೆಯ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಆಗಲೆಂದು ತಲೆಯಾಡಿಸಿದರು.

ಹೊಸ ಸೈಕಲ್ಲು ಸಿದ್ಧವಾದ ಸಂಜೆ ಆಕೆಯನ್ನು ಕೂರಿಸಿ, ಕಾಲು ನೋಡಿ, ಸೀಟಿನ ಎತ್ತರ ಗೊತ್ತುಮಾಡಿ, ಅಕ್ಕ ಟೇಪು ಸುತ್ತಿದರು. ಒಂದು ರಾತ್ರಿ ಇಲ್ಲೇ ಇರಲಿ ಎಂದು ಇಟ್ಟುಕೊಂಡರು. ಮೇಷ್ಟರೂ ಒಮ್ಮೆ ನೋಡಿಬಿಡಲಿ ಎಂಬುದು ಅವರ ಎಣಿಕೆ. ಮರುದಿನ ಬೆಳಿಗ್ಗೆ ಅಕ್ಕ ಮೊಟ್ಟಮೊದಲ ಸಲ ಶಟರ್ ತಟ್ಟಿದರು.

ಸೀಟು ಇದ್ದಲ್ಲೇ ಇದ್ದ ಹಾಗೆ ಕಂಡಿತು. ಬಗ್ಗಿ ನೋಡಿದರೆ ಟೇಪಿಗೂ ಫ್ರೇಮಿಗೂ ನಡುವೆ ಉಗುರು ತೂರುವಷ್ಟು ಸಂದು. ನಾಲ್ಕು ಮಿಲಿಮೀಟರ್ ಮೇಲೆ. ಇಳಿಸಲು ಕೈ ಹಾಕಿದವರು ಏನೋ ತೋಚಿ ಬಿಟ್ಟರು. ಮೇಷ್ಟರ ಹೆಂಡತಿ ಬಂದು ಹತ್ತಿ ಕೂತಾಗ ಅಕ್ಕ ಮಂಡಿಯೂರಿ, ಆಕೆಯ ಮೊಣಕಾಲಿನ ಮಡಿಕೆಯನ್ನು ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ನೋಡಿದರು. ಹಿಂದಿನ ಸಂಜೆ ದಣಿದು ಬಂದಿದ್ದ ಆಕೆ ಸೊಂಟ ಕುಸಿದು ಕೂತಿದ್ದರು. ಇವತ್ತು ನೆಟ್ಟಗೆ ಕೂತಿದ್ದರು. ಆ ನಾಲ್ಕು ಮಿಲಿಮೀಟರ್ ಬೇಕೇ ಬೇಕಿತ್ತು.

ಆಕೆ ಬೆಟ್ಟ ಹತ್ತಿದರು. ತಿರುವು ದಾಟಿದರು. ಬ್ರೇಕಿನ ಮೇಲೆ ಎರಡು ಬೆರಳಿಟ್ಟುಕೊಂಡೇ ಇಳಿದು, ಸೀದಾ ಅಂಗಡಿಗೆ ಬಂದು ಅಕ್ಕನ ಹೆಗಲಿಗೆ ಒರಗಿ ಅತ್ತರು. ಇಳಿಯುವ ದಾರಿಯುದ್ದಕ್ಕೂ ಹಿಂದೊಂದು ಚಕ್ರದ ಟಿಕ್ ಟಿಕ್ ಕೇಳುತ್ತಿತ್ತಂತೆ. ತಿರುಗಿ ನೋಡಲಿಲ್ಲವಂತೆ.

ಮೇಷ್ಟರ ಚಕ್ರವಿಲ್ಲದ ಸೈಕಲ್ಲು ಈಗ ಮೂಲೆಯ ಕೊಕ್ಕೆಯಲ್ಲಿದೆ, ಕರಿ ಟೇಪು ಮತ್ತೆ ತನ್ನ ಜಾಗದಲ್ಲಿದೆ. ಅಕ್ಕ ದಿನಾ ಅದರ ಧೂಳು ಒರೆಸುತ್ತಾರೆ. ಮೇಷ್ಟರು ನಿಮ್ಮ ಅಳತೆಯನ್ನೇ ತಿದ್ದಿದ್ದಕ್ಕೆ ಬೇಜಾರಿಲ್ಲವೇ ಎಂದು ಕೇಳಿದರೆ ಟೇಪನ್ನು ಕೊರಳಿಗೆ ಹಾಕಿಕೊಂಡು ನಗುತ್ತಾರೆ.

"ಮಿಕ್ಕಿದ್ದೆಲ್ಲ ನಾನಿಟ್ಟ ಹಾಗೇ ಬಿಟ್ಟಿದ್ದಾರಲ್ಲ, ನನಗೆ ಅಷ್ಟು ಸಾಕು. ಆ ನಾಲ್ಕು ಮಿಲಿಮೀಟರ್ ಹೆಂಡತಿ ಜೊತೆ ಬಾಳಿದವರಿಗೆ ಗೊತ್ತಿರುತ್ತೆ. ನನ್ನ ಟೇಪಿಗೆ ಹೇಗೆ ಗೊತ್ತಾಗ್ಬೇಕು?"